ಹಳೆಯ ಗಣಕಕ್ಕೆ ಯುನಿಕ್ಸಿನ ಲೆಕ್ಕಿಗ

ಯುನಿಕ್ಸ್ ವ್ಯವಸ್ಥೆಯಲ್ಲಿ ‘ಡಬ್ಲ್ಯೂಸಿ’ ಎಂಬ ಪುಟ್ಟ ಆದೇಶವಿದೆ. 1971ರ ಮೊದಲ ಆವೃತ್ತಿಯಿಂದಲೂ ಇರುವ ಇದು ಇಂದು ಕಡತದ ಸಾಲು, ಪದ, ಬೈಟ್‌ಗಳನ್ನು ಎಣಿಸಿ ಹೇಳುತ್ತದೆ. ಪ್ರಿಯ ಓದುಗರೇ, ಇದನ್ನು 1982ರಲ್ಲಿ ಮಾರುಕಟ್ಟೆಗೆ ಬಂದ ಕಮೋಡೋರ್ 64 ಎಂಬ ಮನೆಗಣಕಕ್ಕೆ ಅಳವಡಿಸುವುದು ಹೇಗೆಂದು ನೋಡೋಣ. ಹಳೆಯ ಡಿಸ್ಕಿನ ಬರಹವನ್ನು ಪ್ರತಿ ಮಾಡುವವರಿಗೆ ಈ ಎಣಿಕೆಯೇ ಮೊದಲ ಸಾಕ್ಷಿ. ಅದು ತಪ್ಪಿದರೆ, ಕಳೆದುಹೋದದ್ದು ನಮ್ಮ ಗಮನಕ್ಕೇ ಬಾರದು.

ಮೊದಲ ತೊಡಕು ಸಾಲಿನ ಕೊನೆಯದು. ಸಾಲು ಮುಗಿದಲ್ಲಿ ಯುನಿಕ್ಸ್ 10 ಎಂಬ ಸಂಕೇತವನ್ನು ಇಡುತ್ತದೆ. ಕಮೋಡೋರ್ 13ನ್ನು ಇಡುತ್ತದೆ. 10ನ್ನಷ್ಟೇ ಹುಡುಕುವ ಪ್ರೋಗ್ರಾಂ, ಕಮೋಡೋರ್ ಕಡತದಲ್ಲಿ ಸಾವಿರ ಸಾಲುಗಳಿದ್ದರೂ ಸೊನ್ನೆ ಎನ್ನುತ್ತದೆ.

ಎರಡನೆಯದು ಅಂಕಿಯ ಅಳತೆ. ಈ ಗಣಕಕ್ಕೆ ಬಳಸುವ ‘ಸಿಸಿ65’ ಕಂಪೈಲರಿನಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ 16 ಬಿಟ್ ಮಾತ್ರ. ಅದು 65,535ನ್ನು ದಾಟದು. ಆದರೆ 1541 ಡ್ರೈವಿನ ಡಿಸ್ಕಿನಲ್ಲಿ ಸುಮಾರು 170 ಕಿಲೋಬೈಟ್ ಹಿಡಿಯುತ್ತದೆ. 70,000 ಬೈಟ್‌ಗಳ ಕಡತಕ್ಕೆ 4,464 ಎಂಬ ಉತ್ತರ ಬಂದೀತು! ಆದ್ದರಿಂದ ನಿಧಾನವಾದರೂ 32 ಬಿಟ್ ಎಣಿಕೆಯೇ ಬೇಕು.

ಮೂರನೆಯದಾಗಿ, ಬೇಸಿಕ್ ಪರದೆಯಲ್ಲಿ ಯುನಿಕ್ಸಿನಂತೆ ಆದೇಶದ ಜೊತೆಗೇ ಕಡತದ ಹೆಸರನ್ನು ಕೊಡುವ ನೇರ ಸೌಲಭ್ಯವಿಲ್ಲ. ಪ್ರೋಗ್ರಾಂ ತಾನೇ ಕೇಳಿ ಪಡೆಯುವುದು ಸರಳ ದಾರಿ. 64 ಕಿಲೋಬೈಟ್ ಸ್ಮೃತಿಯಲ್ಲಿ ದೊಡ್ಡ ಕಡತ ಹಿಡಿಯದ ಕಾರಣ ತುಣುಕು ತುಣುಕಾಗಿ ಓದಬೇಕು.

ಕೊನೆಗೆ ಮೂಲವನ್ನೂ ಪ್ರತಿಯನ್ನೂ ಎಣಿಸಿ ಹೋಲಿಸಬೇಕು. ಬೈಟ್ ಲೆಕ್ಕ ಬೇರೆಯಾದರೆ ಪ್ರತಿ ಸರಿಯಿಲ್ಲ ಎಂಬುದು ಖಚಿತ. ಲೆಕ್ಕ ಕೂಡಿಬಂದರೂ, ಅಕ್ಷರಗಳು ಸರಿಯಾಗಿವೆಯೇ ಎಂಬುದನ್ನು ಓದಿಯೇ ತಿಳಿಯಬೇಕು.