ಗಾಜಿನ ತೊಟ್ಟಿಯ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್

ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಹಾಗಾಗಿ 30 ಲೀಟರಿನ ಪುಟ್ಟ ಅಕ್ವೇರಿಯಂನಲ್ಲೂ ಒಂದು ಮೂಲೆಯಲ್ಲಿ ಬಿಟ್ಟ ಅನಿಲ ಇನ್ನೊಂದು ಮೂಲೆಯ ಗಿಡಕ್ಕೆ ತಾನಾಗಿಯೇ ತಲುಪದು. ಅದನ್ನು ಹೊತ್ತೊಯ್ಯಬೇಕಾದದ್ದು ನೀರಿನ ಹರಿವು.

ಸಿಲಿಂಡರಿನಿಂದ ಬರುವ ಅನಿಲವನ್ನು ಸೆರಾಮಿಕ್ ಬಿಲ್ಲೆಯ ಡಿಫ್ಯೂಸರ್ ಮಂಜಿನಂಥ ಗುಳ್ಳೆಗಳಾಗಿ ಒಡೆಯುತ್ತದೆ. ಗುಳ್ಳೆ ಚಿಕ್ಕದಾದಷ್ಟೂ ಮೇಲೇರುವುದು ನಿಧಾನ, ಕರಗುವುದು ಹೆಚ್ಚು. ಡಿಫ್ಯೂಸರನ್ನು ತಳದ ಹತ್ತಿರ, ಫಿಲ್ಟರಿನಿಂದ ಹೊರಬರುವ ನೀರು ಗುಳ್ಳೆಗಳನ್ನು ಕೆಳಕ್ಕೆ ತಳ್ಳಿ ಗಿಡಗಳ ನಡುವೆ ಹಾಯಿಸುವಂತೆ ಇಡುವುದು ಒಳ್ಳೆಯದು. ಎಲ್ಲ ಮೂಲೆಗಳಲ್ಲೂ ಎಲೆಗಳು ಮೆಲ್ಲಗೆ ಅಲುಗುತ್ತಿದ್ದರೆ ಹರಿವು ಸರಿಯಿದೆ. ಆದರೆ ನೀರಿನ ಮೇಲ್ಮೈ ವಿಪರೀತ ಕದಡಿದರೆ ಅನಿಲ ಗಾಳಿಗೆ ಹಾರಿಹೋಗುತ್ತದೆ.

ಅಳತೆಗೆ ಡ್ರಾಪ್ ಚೆಕರ್ ಇದೆ. ಅದನ್ನು ಡಿಫ್ಯೂಸರಿನಿಂದ ದೂರದ ತುದಿಯಲ್ಲಿ ಅಂಟಿಸಬೇಕು. ಒಳಗಿನ ದ್ರಾವಣ ನೀಲಿಯಾಗಿದ್ದರೆ ಅನಿಲ ಸಾಲದು, ಹಸಿರಾದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ, ಹಳದಿಯಾದರೆ ಮೀನುಗಳಿಗೆ ಅಪಾಯ. ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುವುದರಿಂದ ಮೀನುಗಳನ್ನೇ ಮೊದಲು ಗಮನಿಸಬೇಕು: ಅವು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದರೆ ಅನಿಲವನ್ನು ಆ ಕ್ಷಣವೇ ನಿಲ್ಲಿಸಬೇಕು. ದೀಪ ಹಚ್ಚುವ ಒಂದೆರಡು ಗಂಟೆ ಮೊದಲು ಅನಿಲ ಬಿಟ್ಟು, ದೀಪ ಆರುವ ಮುನ್ನವೇ ನಿಲ್ಲಿಸುವುದು ರೂಢಿ. ಕತ್ತಲಲ್ಲಿ ಗಿಡಗಳಿಗೆ ಅದು ಬೇಡ.