ಬಿಲ್ಲು ಬೈರಿಗೆ

ತೂತು ಕೊರೆಯುವ ಉಪಕರಣಕ್ಕೆ ಕನ್ನಡದಲ್ಲಿ ಬೈರಿಗೆ ಎಂದು ಹೆಸರು. ಅದರ ಹಳೆಯ ರೂಪಗಳಲ್ಲಿ ಬಿಲ್ಲಿನಿಂದ ತಿರುಗಿಸುವ ಬೈರಿಗೆಯು ವಿಶೇಷವಾಗಿ ವಿಚಾರಾರ್ಹವಾದುದು. ತುದಿಗೆ ಅಲಗು ಕೂಡಿಸಿದ ಒಂದು ಕದಿರು, ಅದಕ್ಕೆ ಒಂದು ಸುತ್ತು ಹಾಕಿದ ಬಿಲ್ಲಿನ ಹುರಿ, ಕದಿರಿನ ನೆತ್ತಿಯನ್ನು ಒತ್ತಲು ಒಂದು ಹಿಡಿ: ಇಷ್ಟೇ ಅದರ ರಚನೆ. ಮಜ್ಜಿಗೆ ಕಡೆಯುವ ಕಡೆಗೋಲಿನ ತತ್ತ್ವವೂ ಇದೇ. ಅಲ್ಲಿ ಹಗ್ಗದ ಎರಡು ತುದಿಗಳಿಗೆ ಎರಡು ಕೈಗಳು ಬೇಕು. ಇಲ್ಲಿ ಬಿಲ್ಲಿನ ದೆಸೆಯಿಂದ ಒಂದು ಕೈ ಉಳಿಯಿತು, ಉಳಿದ ಕೈ ಒತ್ತಡಕ್ಕೆ ಒದಗಿತು.

ಆದರೆ ಈ ಕದಿರು ಒಮ್ಮೆ ಬಲಕ್ಕೆ ತಿರುಗಿದರೆ ಮರುಕ್ಷಣ ಎಡಕ್ಕೆ ತಿರುಗುತ್ತದೆ. ಒಂದೇ ದಿಕ್ಕಿಗೆ ಹರಿತವಾದ ಅಲಗಿದ್ದರೆ ಅರ್ಧ ಶ್ರಮ ವ್ಯರ್ಥ. ಇಬ್ಬದಿಗೂ ಮಸೆದ ಅಲಗಾದರೋ ಮರವನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಕೆರೆಯುತ್ತದೆ. ತಿರುಪಿನಂತೆ ತಾನೇ ಒಳಕ್ಕಿಳಿಯುವ ಅಲಗನ್ನಂತೂ ಇದಕ್ಕೆ ಹೂಡುವಂತಿಲ್ಲ; ಒಂದೆಳೆತಕ್ಕೆ ಇಳಿದದ್ದು ಮರುಎಳೆತಕ್ಕೆ ಮೇಲೇಳುವುದು. 15ನೆಯ ಶತಮಾನದ ಯುರೋಪಿನಲ್ಲಿ ಕಾಣಿಸಿಕೊಂಡ, ಸತತವಾಗಿ ಒಂದೇ ದಿಕ್ಕಿಗೆ ತಿರುಗಿಸಬಹುದಾದ ಬಾಗುಹಿಡಿಯ ಬೈರಿಗೆಯು ಬಡಗಿಗಳಿಗೆ ಮೆಚ್ಚಾದುದು ಸಹಜವೇ ಆಗಿದೆ.

ಕಲ್ಲಿನ ವಿಷಯ ಬೇರೆ. ಅಲ್ಲಿ ನಡೆಯುವುದು ಕೊಯ್ತವಲ್ಲ, ಸವೆತ. ಸವೆತಕ್ಕೆ ಎಡಬಲಗಳ ಭೇದವಿಲ್ಲ. ಮರಗೆಲಸದಲ್ಲಿ ದೋಷವೆನಿಸಿದುದು ಇಲ್ಲಿ ದೋಷವೇ ಅಲ್ಲ. ಹರಪ್ಪ ಸಂಸ್ಕೃತಿಯ ಮಣಿಗಾರರು ಕಾರ್ನೀಲಿಯನ್ ಎಂಬ ಕೆಂಗಲ್ಲಿನ ನೀಳವಾದ ಮಣಿಗಳನ್ನು ಕೊರೆದರು. ಕರಾಚಿಯ ಬಳಿಯ ಅಲ್ಲಾದಿನೋದಲ್ಲಿ ಅಂತಹ 36 ಮಣಿಗಳ ಒಂದು ಒಡ್ಯಾಣವೇ ದೊರೆತಿದೆ. ಅವರು ಬಳಸಿದುದು ಅತಿ ಕಠಿಣವಾದ ವಿಶಿಷ್ಟ ಶಿಲೆಯ ಮೊನೆಯನ್ನು. ಪುರಾತತ್ತ್ವಜ್ಞ ಕೆನೋಯರ್ ಅವರ ಪ್ರಯೋಗಗಳಂತೆ ಅಂತಹ ಮೊನೆಯಿಂದ ಗಂಟೆಗೆ ಸುಮಾರು 2.5 ಮಿಲಿಮೀಟರು ಮಾತ್ರ ಕೊರೆಯಬಹುದು. ಈ ಲೆಕ್ಕದಲ್ಲಿ 10 ಸೆಂಟಿಮೀಟರಿನ ಒಂದು ಮಣಿಗೆ 40 ಗಂಟೆಗಳ ಎಡೆಬಿಡದ ದುಡಿಮೆ. ಎರಡು ತುದಿಗಳಿಂದಲೂ ಕೊರೆಯುತ್ತ ಬಂದು ನಡುವೆ ರಂಧ್ರಗಳನ್ನು ಕೂಡಿಸಬೇಕು. ಮೂವತ್ತೊಂಬತ್ತನೆಯ ಗಂಟೆಯಲ್ಲಿ ಕಲ್ಲು ಬಿರಿದರೆ ಅಷ್ಟೂ ನಷ್ಟವೇ. ಆ ಒಡ್ಯಾಣದ ಬೆಲೆಯಲ್ಲಿ ಕಲ್ಲಿನ ಪಾಲು ಅತ್ಯಲ್ಪವೆಂದು ಹೇಳಬೇಕಾಗಿದೆ.

ಇದಕ್ಕೂ ಪ್ರಾಚೀನವಾದುದು ಬಲೂಚಿಸ್ತಾನದ ಮೆಹರ್‌ಗಢ. 7500ರಿಂದ 9000 ವರ್ಷಗಳ ಹಿಂದೆ ಅಲ್ಲಿ ಬದುಕಿದ್ದವರ ಹಲ್ಲುಗಳಲ್ಲಿಯೇ ಬೈರಿಗೆಯ ರಂಧ್ರಗಳಿರುವುದು 2006ರಲ್ಲಿ ಪ್ರಕಟವಾಯಿತು. ಮಣಿ ಕೊರೆದು ಪಳಗಿದ ಕೈಗಳೇ ಈ ಚಿಕಿತ್ಸೆಗೂ ತೊಡಗಿದುವೆಂಬ ವಿದ್ವಾಂಸರ ಊಹೆ ಒಪ್ಪತಕ್ಕದ್ದು. ರೋಗಿಯ ಧೈರ್ಯವನ್ನೂ ಮೆಚ್ಚತಕ್ಕದ್ದು.

ಗುಜರಾತಿನ ಖಂಭಾತದ ಮಣಿಗಾರರು 20ನೆಯ ಶತಮಾನದ ಕೊನೆಯ ದಶಕಗಳಲ್ಲಿಯೂ ಬಿಲ್ಲನ್ನು ಕೈಬಿಟ್ಟಿರಲಿಲ್ಲ. ಕದಿರಿನ ನೆತ್ತಿಗೆ ತೆಂಗಿನ ಕರಟದ ಹಿಡಿ. ಮೊನೆಯಲ್ಲಿ ಮಾತ್ರ ಶಿಲೆಗೆ ಬದಲಾಗಿ ಎರಡು ವಜ್ರದ ಚೂರುಗಳು.