ವಿಕಲಚೇತನ ವಿದ್ಯಾರ್ಥಿಗೆ ದಾರಿ ತೋರುವವರಾರು?

ಕಫೆರ್ನೌಮಿನ ಮನೆಯೊಂದರಲ್ಲಿ ಯೇಸುಸ್ವಾಮಿಯು ಬೋಧಿಸುತ್ತಿದ್ದಾಗ ಬಾಗಿಲಿನ ಹೊರಗೂ ಜನ ಕಿಕ್ಕಿರಿದಿದ್ದರು. ಪಾರ್ಶ್ವವಾಯು ಪೀಡಿತನೊಬ್ಬನನ್ನು ಹೊತ್ತು ತಂದ ನಾಲ್ವರಿಗೆ ಒಳಗೆ ಹೋಗಲು ದಾರಿ ದೊರೆಯಲಿಲ್ಲ. ಅವರು ಅವನನ್ನು ಹಿಂದಕ್ಕೆ ಒಯ್ಯಲಿಲ್ಲ. ಮಾಳಿಗೆಯನ್ನೇರಿ, ಛಾವಣಿಯನ್ನು ತೆರೆದು, ಹಾಸಿಗೆಸಹಿತ ಪ್ರಭುವಿನ ಮುಂದೆ ಇಳಿಸಿದರು. ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದ ಈ ಪ್ರಸಂಗವನ್ನು ನಾವು ಪಾಪಕ್ಷಮೆ ಹಾಗೂ ಸ್ವಸ್ಥತೆಯ ದೃಷ್ಟಿಯಿಂದ ಧ್ಯಾನಿಸುವುದು ವಾಡಿಕೆ. ಆ ನಾಲ್ವರ ವಿವೇಕವೂ ಧ್ಯಾನಯೋಗ್ಯವಾದುದೇ. ಬದಲಾಗಬೇಕಾದದ್ದು ಮನೆಯೇ ಹೊರತು ಹೊರಗೆ ಮಲಗಿದ್ದವನಲ್ಲ ಎಂಬುದನ್ನು ಅವರು ಅರಿತಿದ್ದರು.

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳಲ್ಲಿ ಪಿಯುಸಿ ಮುಗಿಸಿ ಕಾಲೇಜಿನ ಮೆಟ್ಟಿಲ ಬಳಿ ನಿಲ್ಲುವ ವಿಕಲಚೇತನ ಯುವಜನರಿಗೆ ಇಂದು ಬೇಕಾಗಿರುವುದು ಇಂಥ ನಾಲ್ವರೇ. ಕಾನೂನು ಅವರ ಪರವಾಗಿದೆ. ಆದರೆ ಆ ಕಾನೂನನ್ನು ಅವರ ಕೈಗೆ ತಲುಪಿಸುವವರು ವಿರಳ.

ಕಾನೂನು ಹೇಳುವುದೇನು?

1995ರ ಅಧಿನಿಯಮವು ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿ, ಸರಕಾರಿ ಹಾಗೂ ಅನುದಾನಿತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 3ರಷ್ಟು ಸ್ಥಾನಗಳನ್ನು ಮೀಸಲಿರಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಈಗ ಗುರುತಿಸಲ್ಪಟ್ಟ ವೈಕಲ್ಯಗಳು 21. ಕಲಿಕಾ ನ್ಯೂನತೆ, ಸ್ನಾಯುಕ್ಷಯ, ಹಿಮೋಫೀಲಿಯಾ, ಆಮ್ಲದಾಳಿಗೆ ತುತ್ತಾದವರ ವೈಕಲ್ಯ ಮುಂತಾದವೂ ಇದರಲ್ಲಿ ಸೇರಿವೆ. ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5ರಷ್ಟು ಸ್ಥಾನಗಳು, ಗರಿಷ್ಠ ವಯೋಮಿತಿಯಲ್ಲಿ ಐದು ವರ್ಷಗಳ ಸಡಿಲಿಕೆ ಇವರಿಗೆ ಸಲ್ಲಬೇಕು. ಶೇಕಡಾ 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯವುಳ್ಳವರು ಇದಕ್ಕೆ ಅರ್ಹರು.

ಪರೀಕ್ಷೆಯ ವಿಷಯದಲ್ಲಿಯೂ ಅವಕಾಶಗಳಿವೆ. ಕೇಂದ್ರ ಸರಕಾರವು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಬರೆಯಲು ಅಸಮರ್ಥರಾದವರಿಗೆ ಲಿಪಿಕಾರರ ನೆರವನ್ನೂ, ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಸಮಯವನ್ನೂ ವಿಧಿಸಿತು. ಅಂದರೆ ಮೂರು ಗಂಟೆಗಳ ಪರೀಕ್ಷೆಗೆ ನಾಲ್ಕು ಗಂಟೆಗಳು. 2021ರ ಫೆಬ್ರುವರಿ 11ರಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ಶೇಕಡಾ 40ರ ಮಿತಿಯನ್ನು ಮುಂದಿಟ್ಟು ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು ಅದು ತೀರ್ಪಿತ್ತಿತು.

ಲಿಪಿಕಾರರ ನೆರವಿನಿಂದ ಬರೆದ ಪರೀಕ್ಷೆಯನ್ನು ಅನ್ಯರ ಬುದ್ಧಿಯೆಂದು ಹೀಗಳೆಯುವವರು ಇಂದಿಗೂ ಉಂಟು. ಅಂಥವರು ವಿಮೋಚನಾಕಾಂಡವನ್ನು ಓದಬೇಕು. ತನ್ನದು ತೊದಲು ನಾಲಿಗೆಯೆಂದು ಮೋಶೆಯು ಹಿಂಜರಿದಾಗ ದೇವರು ಅವನ ಕರೆಯನ್ನು ಹಿಂತೆಗೆದುಕೊಳ್ಳಲಿಲ್ಲ; ಅವನ ಪರವಾಗಿ ಮಾತನಾಡಲು ಸೋದರನಾದ ಆರೋನನನ್ನು ಕೊಟ್ಟರು. ನುಡಿದವನು ಆರೋನನಾದರೂ ಜನರನ್ನು ನಡೆಸಿದವನು ಮೋಶೆಯೇ.

ಅಲೆದಾಟದ ದಾರಿ

ಹಕ್ಕು ಕಾಗದದ ಮೇಲಿದ್ದರೂ ವಿದ್ಯಾರ್ಥಿ ಅಲೆಯಬೇಕಾದ ದಾರಿ ದೀರ್ಘವಾದುದು. ಈ ಮೂರು ತಾಲೂಕುಗಳ ಶಾಲೆಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಪದವಿ ಪರೀಕ್ಷೆ ನಡೆಸುವುದು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ವಿಕಲಚೇತನರ ಇಲಾಖೆಯ ಜಿಲ್ಲಾ ಕಚೇರಿಯೂ ಬೆಳಗಾವಿಯಲ್ಲಿಯೇ. ವಿಶಿಷ್ಟ ಗುರುತಿನ ಚೀಟಿಯಾದ ಯು.ಡಿ.ಐ.ಡಿ.ಗೆ 2021ರ ಜೂನ್ 1ರಿಂದ ಅಂತರ್ಜಾಲದ ಮೂಲಕವೇ ಅರ್ಜಿ ಸಲ್ಲಿಸತಕ್ಕದ್ದು. ಬಳಿಕ ವೈದ್ಯಕೀಯ ತಪಾಸಣೆಗೆ ಹಾಜರಾಗಬೇಕು. ಮೂಡಲಗಿಯ ಆಚೆಯ ಹಳ್ಳಿಯಿಂದ ಗಾಲಿಕುರ್ಚಿಯ ಮಗಳನ್ನು ಬಸ್ಸಿನಲ್ಲಿ ಬೆಳಗಾವಿಗೆ ಕರೆದೊಯ್ಯುವ ಕೂಲಿಕಾರ ತಂದೆಗೆ ಅದು ಒಂದು ದಿನದ ದುಡಿಮೆಯ ನಷ್ಟ. ದಾಖಲೆಯೊಂದು ಕಡಿಮೆಯಾಗಿ ಮತ್ತೊಮ್ಮೆ ಬರಬೇಕಾದರೆ ಎರಡು ದಿನಗಳ ನಷ್ಟ. ಓದು ಸಾಕೆಂಬ ನಿರ್ಧಾರ ಅನೇಕ ಮನೆಗಳಲ್ಲಿ ಹುಟ್ಟುವುದು ಇಂಥ ದಿನಗಳಲ್ಲಿಯೇ.

ಇದಕ್ಕಾಗಿಯೇ ಸರಕಾರವು ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ, ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೂ ನೇಮಿಸಿದೆ. ಗುರುತಿನ ಚೀಟಿ, ವಿದ್ಯಾರ್ಥಿವೇತನ, ರಿಯಾಯಿತಿ ಬಸ್ ಪಾಸು, ಸಾಧನ ಸಲಕರಣೆ ಮೊದಲಾದವುಗಳ ಮಾಹಿತಿಗೆ ಮೊದಲು ಕಾಣಬೇಕಾದವರು ಇವರು. ತಮ್ಮ ಪಂಚಾಯತಿಯಲ್ಲಿ ಇಂಥವರೊಬ್ಬರು ಇರುವರೆಂಬುದೇ ಎಷ್ಟೋ ಪಾಲಕರಿಗೆ ತಿಳಿಯದು.

ಕೇಳಿ ತಿಳಿಯುವ ಸಲಹೆ

ದಾಖಲೆಗಳಷ್ಟೇ ಮುಖ್ಯವಾದುದು ವಿಷಯಗಳ ಆಯ್ಕೆ. ನಮ್ಮ ಸೀಮೆಯಲ್ಲಿ ದೃಷ್ಟಿಹೀನ ಮಗುವೆಂದೊಡನೆ ಹಿರಿಯರಿಗೆ ನೆನಪಾಗುತ್ತಿದ್ದುದು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಲ್ಲಿ ಅಸಂಖ್ಯ ಅಂಧ ಮಕ್ಕಳಿಗೆ ಸಂಗೀತದ ಬೆಳಕನ್ನಿತ್ತರು. ಆ ಋಣ ತೀರದು. ಆದರೆ ಪ್ರತಿಯೊಬ್ಬ ಅಂಧನೂ ಗಾಯಕನೇ ಆಗಬೇಕಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶಗಳು ಬಂದಿರುವ ಈ ಕಾಲದಲ್ಲಿ ಆತ ವಾಣಿಜ್ಯವನ್ನೂ ಕಾನೂನನ್ನೂ ಅರ್ಥಶಾಸ್ತ್ರವನ್ನೂ ಓದಬಲ್ಲ.

ಇದಲ್ಲದೆ ನಿಯಮಗಳೂ ಪದೇ ಪದೇ ಬದಲಾಗುತ್ತವೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿ ಕ್ರಮ ಬಂದಿತು. 2024-25ರಿಂದ ರಾಜ್ಯವು ಮೂರು ವರ್ಷಗಳ ಪದವಿಗೆ ಮರಳಿತು. ಸಾಮಾನ್ಯ ವಿದ್ಯಾರ್ಥಿಯೇ ಗೊಂದಲಕ್ಕೊಳಗಾಗುವಾಗ, ಸೂಚನಾಫಲಕವನ್ನು ಓದಲಾರದವನ ಹಾಗೂ ತರಗತಿಯ ಪ್ರಕಟಣೆಯನ್ನು ಕೇಳಲಾರದವಳ ಪಾಡೇನು?

ಬಾರ್ತಿಮಾಯನೆಂಬ ಕುರುಡನನ್ನು ಕಂಡಾಗ ಯೇಸುಸ್ವಾಮಿಯು ಮೊದಲು ವಿಚಾರಿಸಿದ್ದು ಅವನ ಬಯಕೆಯನ್ನು. ಅವನ ಕೊರತೆ ಎಲ್ಲರ ಕಣ್ಣಿಗೂ ಕಾಣುತ್ತಿದ್ದರೂ ಅವನ ಬಾಯಿಂದಲೇ ಕೇಳಿ ತಿಳಿದರು. ಶೈಕ್ಷಣಿಕ ಸಲಹೆಯ ಮೊದಲ ಪಾಠ ಇದೇ ಆಗಿದೆ. ಏನು ಓದಬಯಸುವೆ, ಯಾವುದು ಕಷ್ಟ, ಯಾವ ನೆರವು ಬೇಕು ಎಂದು ವಿದ್ಯಾರ್ಥಿಯನ್ನೇ ಕೇಳಬೇಕು. ಪಕ್ಕದಲ್ಲಿ ನಿಂತ ತಂದೆಯನ್ನಲ್ಲ.

ಧರ್ಮಸಭೆಯ ಪರಂಪರೆ, ನಮ್ಮ ಪಾಲು

ಹದಿನೆಂಟನೆಯ ಶತಮಾನದ ಪ್ಯಾರಿಸಿನಲ್ಲಿ ಕಿವುಡ ಮಕ್ಕಳಿಗಾಗಿ ಉಚಿತ ಶಾಲೆಯನ್ನು ತೆರೆದವರು ಗುರುಗಳಾದ ಷಾರ್ಲ್ ಮಿಷೆಲ್ ದ ಲೆಪೆ. ಚುಕ್ಕಿಗಳ ಲಿಪಿಯನ್ನು ರೂಪಿಸಿದ ಅಂಧ ಲೂಯಿ ಬ್ರೈಲ್ ಪ್ಯಾರಿಸಿನ ದೇವಾಲಯಗಳಲ್ಲಿ ಆರ್ಗನ್ ವಾದಕರಾಗಿದ್ದರು. ಜಗದ್ಗುರು ಎರಡನೆಯ ಜಾನ್ ಪೌಲರು ದುಡಿಮೆಯನ್ನು ಕುರಿತ 1981ರ ವಿಶ್ವಪತ್ರದಲ್ಲಿ ವಿಕಲಚೇತನರ ದುಡಿಯುವ ಹಕ್ಕಿಗೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟರು. 1996ರಲ್ಲಿ ಮದ್ರಾಸ್-ಮೈಲಾಪುರ ಮಹಾಧರ್ಮಕ್ಷೇತ್ರವು ಆರಂಭಿಸಿದ ಸಮುದಾಯ ಕಾಲೇಜು, ಓದು ನಿಲ್ಲಿಸಿದವರಿಗೂ ಬಡವರಿಗೂ ಬಾಗಿಲು ತೆರೆದು, ಜೀವನ ಕೌಶಲವನ್ನೂ ವೃತ್ತಿ ಕೌಶಲವನ್ನೂ ಜೊತೆಯಾಗಿ ಕಲಿಸುವ ಮಾದರಿಯನ್ನು ದೇಶಕ್ಕೆ ತೋರಿತು.

1953ರಲ್ಲಿ ಸ್ಥಾಪನೆಗೊಂಡ ಬೆಳಗಾವಿ ಧರ್ಮಕ್ಷೇತ್ರದ ಈ ಭಾಗದಲ್ಲಿ ನಾವು ಕಥೋಲಿಕರು ಅಲ್ಪಸಂಖ್ಯಾತರು. ಹೊಸ ಕಾಲೇಜು ಕಟ್ಟುವ ಶಕ್ತಿ ಸಣ್ಣ ಸಮುದಾಯಕ್ಕಿಲ್ಲದಿರಬಹುದು. ಆದರೆ ನಾಲ್ವರಾಗುವುದಕ್ಕೆ ಹಣ ಬೇಕಿಲ್ಲ. ಅಂತರ್ಜಾಲ ಬಲ್ಲ ಯುವಕನೊಬ್ಬ ಅರ್ಜಿ ತುಂಬಬಹುದು. ನಿವೃತ್ತ ಶಿಕ್ಷಕರೊಬ್ಬರು ವಿಷಯಗಳ ಆಯ್ಕೆಗೆ ನೆರವಾಗಬಹುದು. ಧರ್ಮಭಗಿನಿಯೊಬ್ಬರು ತಪಾಸಣೆಯ ದಿನ ಜೊತೆಗೆ ಹೋಗಬಹುದು. ಯುವತಿಯೊಬ್ಬಳು ಪಠ್ಯವನ್ನು ಓದಿ ಧ್ವನಿಮುದ್ರಿಸಬಹುದು. ನಿಯಮದಂತೆ ಅರ್ಹಳಾದರೆ ಲಿಪಿಕಾರಳೂ ಆಗಬಹುದು. ನೆರವು ಪಡೆಯುವವರ ಜಾತಿ ಮತಗಳನ್ನು ಕೇಳುವ ಅಗತ್ಯವಿಲ್ಲ.

ಫಲಿತಾಂಶ ಬಂದ ಮೇಲೆ ಪ್ರವೇಶದ ದಿನಗಳು ಬೇಗನೆ ಸರಿದುಹೋಗುತ್ತವೆ. ಆದ್ದರಿಂದ ಪ್ರತಿ ಧರ್ಮಕೇಂದ್ರವೂ ತನ್ನ ಸುತ್ತಲಿನ ಹಳ್ಳಿಗಳಲ್ಲಿ ಪಿಯುಸಿ ಓದುತ್ತಿರುವ ವಿಕಲಚೇತನರು ಯಾರು, ಅವರಲ್ಲಿ ಗುರುತಿನ ಚೀಟಿ ಉಳ್ಳವರೆಷ್ಟು ಎಂಬುದನ್ನು ಪರೀಕ್ಷೆಗೆ ಮುಂಚೆಯೇ ವಿಚಾರಿಸಿಟ್ಟುಕೊಳ್ಳುವುದು ಒಳಿತು. ಆ ಪಟ್ಟಿಯಲ್ಲಿ ಒಂದೇ ಹೆಸರಿದ್ದರೂ ಅಷ್ಟಕ್ಕೇ ಕೆಲಸವನ್ನು ಆರಂಭಿಸಬಹುದು.